ದುಡ್ಡು ಬಂದ್ರೂ ಸಿಟ್ಟು ಯಾಕೆ ಹೋಗಲ್ಲ?

ಪ್ರಶ್ನೆ: ಮೇಡಂ, ಹಿಂದುಳಿದ ಪ್ರದೇಶಗಳಿಗೆ ಅಂತ ಸರ್ಕಾರಗಳು ಕೋಟಿಗಟ್ಲೆ ಸುರೀತವೆ, ಆದ್ರೂ ಅಲ್ಲಿನ ಜನ ದುಡ್ಡು ಕೊಟ್ಟವ್ರ ವಿರುದ್ಧನೇ ವೋಟ್ ಹಾಕ್ತಾರೆ. ಇದು ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕ್ಕೊಂಡಂಗಲ್ವಾ?

ಉತ್ತರ: ಬ್ರೆಕ್ಸಿಟ್, ಅಂದ್ರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡೋ ತೀರ್ಮಾನ ಆದಾಗ, ಬ್ರಿಟನ್ನಿನ ವೇಲ್ಸ್‌ನಲ್ಲಿರೋ ಎಬ್ಬು ವೇಲ್ ಅನ್ನೋ ಊರಿನ ಬಗ್ಗೆ ಬಹಳ ಜನ ಇದೇ ಮಾತಾಡಿದ್ರು. ಒಂದು ಕಾಲಕ್ಕೆ ಯುರೋಪಿಗೇ ದೊಡ್ಡದು ಅನ್ನಿಸ್ಕೊಂಡಿದ್ದ ಸ್ಟೀಲ್ ಕಾರ್ಖಾನೆ ಅಲ್ಲಿತ್ತು, 2002ರಲ್ಲಿ ಅದಕ್ಕೆ ಬೀಗ ಬಿತ್ತು. ಆಮೇಲೆ ಯುರೋಪಿಯನ್ ಒಕ್ಕೂಟದ ನೆರವು ಚೆನ್ನಾಗೇ ಬಂತು, ರಸ್ತೆ ಕೆಲಸ ಆಯ್ತು, ಕಾರ್ಖಾನೆ ಇದ್ದ ಜಾಗದಲ್ಲಿ ಕಾಲೇಜು ಎದ್ದಿತು, ನಿಂತೇ ಹೋಗಿದ್ದ ಪ್ಯಾಸೆಂಜರ್ ರೈಲು 2008ರಲ್ಲಿ ಮತ್ತೆ ಓಡೋಕೆ ಶುರುವಾಯ್ತು. ಇಷ್ಟಾದ್ರೂ 2016ರ ರೆಫರೆಂಡಮ್‌ನಲ್ಲಿ, ಅಂದ್ರೆ ಒಕ್ಕೂಟದಲ್ಲಿ ಇರ್ಬೇಕಾ ಬೇಡ್ವಾ ಅಂತ ಜನರನ್ನೇ ಕೇಳಿದ ಮತದಾನದಲ್ಲಿ, ಆ ಊರಿರೋ ಬ್ಲೈನೈ ಗ್ವೆಂಟ್ ಪ್ರದೇಶದ ಶೇ 62ರಷ್ಟು ಜನ ಒಕ್ಕೂಟ ಬೇಡ ಅಂದ್ರು, ಅದೇ ಲಂಡನ್‌ನಲ್ಲಿ ಶೇ 60ರಷ್ಟು ಜನ ಇರೋಣ ಅಂದ್ರು.

ಇವ್ರನ್ನ ದಡ್ಡರು, ಕೃತಘ್ನರು ಅಂತ ಬೈದು ಸುಮ್ನಾಗೋದು ಸುಲಭ, ಆದ್ರೆ ನಂಗದು ಅನ್ಯಾಯ ಅನ್ಸುತ್ತೆ. ಅಂಥ ಕಾರ್ಖಾನೆ ಮುಚ್ಚಿದಾಗ ಹೋಗೋದು ಬರೀ ಸಂಬಳ ಅಲ್ಲ ನೋಡಿ. ಯೂನಿಯನ್ ಹೋಗುತ್ತೆ, ಶಿಫ್ಟ್ ಮುಗಿಸಿ ಜೊತೆಗೆ ಕೂತು ಮಾತಾಡೋ ಜಾಗ ಹೋಗುತ್ತೆ. ಯೂನಿಯನ್ ಮೀಟಿಂಗ್‌ನಲ್ಲೇ ಎಷ್ಟೋ ಜನ ಮೊದಲ ಸಲ ಎದ್ದು ನಿಂತು ಮಾತಾಡೋದು, ಲೆಕ್ಕ ಕೇಳೋದು, ದೊಡ್ಡ ಕುರ್ಚಿಯಲ್ಲಿ ಕೂತವ್ನ ಎದುರು ದನಿ ಎತ್ತೋದು ಕಲ್ತಿರ್ತಾರೆ. ಅದೆಲ್ಲ ಹೋದ ಮೇಲೆ ಸಿಗೋದು ದೂರದ ಗೋಡೌನ್‌ನಲ್ಲೋ ಇನ್ನೆಲ್ಲೋ ಟೆಂಪರರಿ ಕೆಲಸ, ಪಕ್ಕದಲ್ಲಿ ನಿಂತವ್ರ ಹೆಸರೂ ಗೊತ್ತಿರಲ್ಲ, ಊರಿಗೆ ಏನು ಬೇಕು ಅಂತ ತೀರ್ಮಾನ ಮಾಡೋರು ಬೇರೆಲ್ಲೋ ಇರ್ತಾರೆ, ಇವ್ರಿಗೆ ಉಳಿಯೋದು ಉದ್ಘಾಟನೆ ಬೋರ್ಡ್ ಓದೋ ಕೆಲಸ ಅಷ್ಟೇ. ಹೊಸ ರೈಲು ಊರಿನ ಹುಡುಗ್ರನ್ನ ಕಾರ್ಡಿಫ್‌ಗೆ ಕೆಲಸಕ್ಕೆ ಕರ್ಕೊಂಡು ಹೋಗುತ್ತೆ, ಸರಿ, ಆದ್ರೆ ಊರಲ್ಲೇ ಕೆಲಸ ಇರೋದೇ ಬೇರೆ ಅಲ್ವಾ?

ಪೂರ್ವ ಜರ್ಮನಿ ಕಥೆನೂ ಇದಕ್ಕೆ ಹತ್ರನೇ ಇದೆ. 1990ರಲ್ಲಿ ದೇಶ ಒಂದಾಯ್ತು, ಪೂರ್ವದ ಸುಮಾರು 8,500 ಸರ್ಕಾರಿ ಉದ್ದಿಮೆಗಳನ್ನ ಟ್ರಾಯ್‌ಹಾಂಡ್ ಅನ್ನೋ ಸಂಸ್ಥೆ ಕೈಗೆ ಕೊಟ್ರು, ಅದು ನಾಲ್ಕೇ ವರ್ಷದಲ್ಲಿ ಬಹುಪಾಲು ಮಾರಿತು, ಉಳಿದದ್ರಲ್ಲಿ ಎಷ್ಟೋ ಮುಚ್ಚಿಸ್ತು. ಪಶ್ಚಿಮದಿಂದ ಅಪಾರ ದುಡ್ಡು ಹರಿದು ಬಂತು, ರಸ್ತೆಗಳು ಹೊಸದಾದ್ವು, ಹಳೇ ಪೇಟೆಗಳು ಬಣ್ಣ ಕಂಡ್ವು, ಆದ್ರೆ ದೊಡ್ಡ ಹುದ್ದೆಗಳಲ್ಲಿ ಪೂರ್ವದವ್ರು ಇವತ್ತಿಗೂ ಕಡಿಮೆ, ಸರಾಸರಿ ಸಂಬಳನೂ ಪಶ್ಚಿಮಕ್ಕಿಂತ ಕಡಿಮೆ. 2025ರ ಫೆಬ್ರವರಿ ಚುನಾವಣೆಯಲ್ಲಿ ಎಎಫ್‌ಡಿ ಅನ್ನೋ ಕಟ್ಟಾ ಬಲಪಂಥೀಯ ಪಕ್ಷ ಬರ್ಲಿನ್ ಬಿಟ್ಟು ಪೂರ್ವದ ಐದೂ ರಾಜ್ಯಗಳಲ್ಲಿ ಮೊದಲ ಸ್ಥಾನಕ್ಕೆ ಬಂತು. ಆ ಪಕ್ಷ ವಲಸಿಗರ ಬಗ್ಗೆ ಆಡೋ ಮಾತು ನಂಗೆ ಭಯ ಹುಟ್ಟಿಸುತ್ತೆ, ಅದಕ್ಕೆ ಬಿದ್ದ ಪ್ರತಿ ವೋಟಿಗೂ ಆರ್ಥಿಕ ಕಾರಣನೇ ಇದೆ ಅಂತಾನೂ ನಾನು ಹೇಳಲ್ಲ. ಆದ್ರೆ ಮೂವತ್ತು ವರ್ಷದಿಂದ ನಮ್ಮನ್ನ ಎರಡನೇ ದರ್ಜೆಯವ್ರ ಥರ ನೋಡ್ತಿದ್ದಾರೆ ಅನ್ನೋ ನೋವು ಅಲ್ಲಿ ನಿಜವಾಗ್ಲೂ ಇದೆ, ಅದನ್ನ ಬೇರೆ ಪಕ್ಷಗಳು ಕೇಳಿಸ್ಕೊಳ್ಳದೇ ಇದ್ರೆ ಕೇಳಿಸ್ಕೊಳ್ಳೋರ ಹತ್ರ ಜನ ಹೋಗ್ತಾರೆ.

ಪ್ರಶ್ನೆ: ಬಡ ಪ್ರದೇಶದವ್ರು ವೋಟೇ ಹಾಕಲ್ಲ, ಅವ್ರಿಗೆ ರಾಜಕೀಯದಲ್ಲಿ ಆಸಕ್ತಿನೇ ಇಲ್ಲ ಅಂತ ನನ್ ಫ್ರೆಂಡ್ ಹೇಳ್ತಾನೆ. ನಿಜಾನಾ?

ಉತ್ತರ: ಪೂರ್ತಿ ನಿಜ ಅಲ್ಲ. ಬ್ರಿಟನ್, ಅಮೆರಿಕ ಥರ ದೇಶಗಳಲ್ಲಿ ಬಡ ಏರಿಯಾಗಳಲ್ಲಿ ಮತದಾನ ಸಾಮಾನ್ಯವಾಗಿ ಕಡಿಮೆ ಇರುತ್ತೆ, ಭಾರತದಲ್ಲಿ ನೋಡಿದ್ರೆ ಉಲ್ಟಾ, ಹಳ್ಳಿ ಬೂತ್‌ಗಳ ಮುಂದೆ ಕ್ಯೂ ಉದ್ದ, ದೊಡ್ಡ ಸಿಟಿಗಳಲ್ಲೇ ಜನ ಬರಲ್ಲ. ಆಸಕ್ತಿ ಇಲ್ಲ ಅನ್ನೋದಕ್ಕಿಂತ ನನ್ನ ವೋಟಿಂದ ಏನಾದ್ರೂ ಆಗುತ್ತಾ ಅನ್ನೋ ಲೆಕ್ಕ ಅದು. ಬ್ರಿಟನ್‌ನಲ್ಲಿ 2015ರ ಚುನಾವಣೆಗೆ ಶೇ 66ರಷ್ಟು ಮತದಾನ, ಮರುವರ್ಷದ ರೆಫರೆಂಡಮ್‌ಗೆ ಶೇ 72. ಒಂದೇ ಪಕ್ಷ ಗೆಲ್ತಾ ಬಂದಿರೋ ಕ್ಷೇತ್ರದಲ್ಲಿ ವೋಟ್ ಹಾಕಿದ್ರೂ ಒಂದೇ ಬಿಟ್ರೂ ಒಂದೇ ಅಂತ ಮನೇಲಿದ್ದವ್ರಿಗೂ ಆವತ್ತು ಪ್ರತಿ ವೋಟು ಲೆಕ್ಕಕ್ಕೆ ಬರುತ್ತೆ ಅಂತ ಗೊತ್ತಿತ್ತು.

ಇನ್ನು ವೋಟ್ ಒಂದೇ ಪಾಲ್ಗೊಳ್ಳೋ ದಾರಿನೂ ಅಲ್ಲ. ಫ್ರಾನ್ಸ್‌ನಲ್ಲಿ 2018ರ ನವೆಂಬರ್‌ನಲ್ಲಿ ಡೀಸೆಲ್ ತೆರಿಗೆ ಏರಿಸ್ತಾರೆ ಅಂದಾಗ ಬೀದಿಗೆ ಬಂದೋರಲ್ಲಿ ಸಣ್ಣ ಊರಿನವ್ರು ಬಹಳ. ಮೆಟ್ರೋ ಇರೋ ಪ್ಯಾರಿಸ್‌ನವ್ರಿಗೆ ಅದು ಪರಿಸರದ ತೆರಿಗೆ, ಬಸ್ಸೇ ಬರದ ಊರಿಂದ ದಿನಾ ಕಾರಲ್ಲಿ ಕೆಲಸಕ್ಕೆ ಹೋಗೋರಿಗೆ ಅದು ಸಂಬಳದಲ್ಲಿ ಕಡಿತ. ಅಲ್ಲಿ ಕಾನೂನು ಪ್ರಕಾರ ಪ್ರತಿ ಕಾರಲ್ಲೂ ಹಳದಿ ಜಾಕೆಟ್ ಇರ್ಲೇಬೇಕು, ಅದನ್ನೇ ಹಾಕ್ಕೊಂಡು ಊರಾಚೆ ಸರ್ಕಲ್‌ಗಳಲ್ಲಿ ವಾರಗಟ್ಲೆ ನಿಂತ್ರು. ಡಿಸೆಂಬರ್‌ನಲ್ಲಿ ಸರ್ಕಾರ ಆ ಏರಿಕೆ ಕೈಬಿಡ್ತು.

ಪ್ರಶ್ನೆ: ಹಂಗಾದ್ರೆ ದುಡ್ಡಿನ ಜೊತೆ ಇನ್ನೇನು ಕೊಡ್ಬೇಕು?

ಉತ್ತರ: ತೀರ್ಮಾನ ಮಾಡೋ ಅಧಿಕಾರ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಲ್ಲಿ ಶುರು ಮಾಡಿದ ವ್ಯವಸ್ಥೆ ನೋಡಿ, ಬಡಾವಣೆ ಜನರೇ ಸಭೆ ಸೇರಿ ನಗರದ ಬಜೆಟ್ ದುಡ್ಡಲ್ಲಿ ಮೊದಲು ಚರಂಡಿನಾ ರಸ್ತೆನಾ ಅಂತ ಆರಿಸೋರು, ಸೌಲಭ್ಯ ಕಡಿಮೆ ಇರೋ ಬಡಾವಣೆಗೆ ಹಂಚಿಕೆಯಲ್ಲಿ ಹೆಚ್ಚು ತೂಕ. ಸಾಮಾನ್ಯವಾಗಿ ಯಾವ ಸಭೆಗೂ ಬರದ ಬಡವರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಂದ್ರು, ಯಾಕಂದ್ರೆ ಆರಿಸಿದ ಚರಂಡಿ ಕೆಲಸ ಕಣ್ಣೆದುರಿಗೇ ನಡೀತಿತ್ತು. 2004ರಲ್ಲಿ ಅದನ್ನ ತಂದ ಪಕ್ಷ ಸೋತ ಮೇಲೆ ವ್ಯವಸ್ಥೆ ಬಲ ಕಳ್ಕೊಳ್ತಾ ಬಂತು, 2017ರಲ್ಲಿ ನಿಲ್ಲಿಸಿದ್ರು. ಹಾಗಾಗಿ ಇಂಥದ್ದನ್ನ ಕೇಳೋವಾಗ ಕಾನೂನಲ್ಲೇ ಬರೆಸಿ ಅಂತ ಕೇಳ್ಬೇಕು, ಒಂದು ಪಕ್ಷದ ಸ್ಕೀಮ್ ಆಗಿ ಉಳಿದ್ರೆ ಮುಂದಿನವ್ರು ಬಂದು ತೆಗೆದು ಹಾಕ್ತಾರೆ.