ದುಡ್ಡು ಕೊಟ್ಟ ಮೇಲೂ ಗೇಮ್ ನಮ್ಮದಲ್ವಾ?

ಪ್ರಶ್ನೆ: ನಾವು ಗಂಗಾವತಿ ತಾಲ್ಲೂಕಿನ ರೈತರು. ಮಗ ಮೂರು ವರ್ಷದಿಂದ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕಂಪ್ಯೂಟರ್ ಗೇಮ್ ಕೊಳ್ಳುತ್ತಿದ್ದಾನೆ. 30ರ ಮೇಲೆ ಆಗಿವೆ. ದುಡ್ಡು ಹೋಗುವುದು ನನ್ನ ಯುಪಿಐನಿಂದ. ಮೊನ್ನೆ ಪೇಮೆಂಟ್ ಮಾಡುವ ಮುಂಚೆ ನೋಡಿದರೆ, ಕೊಂಡರೆ ಸಿಗುವುದು ಲೈಸೆನ್ಸ್ ಅಂತ ಕೆಳಗೆ ಸಣ್ಣಗೆ ಬರೆದಿತ್ತು. ಹಾಗಾದರೆ ಇಷ್ಟು ದಿನ ಕೊಟ್ಟಿದ್ದೆಲ್ಲ ಬಾಡಿಗೆಯಾ? ಮಗ ಮಾತ್ರ ‘ಅಪ್ಪಾ, ಎಲ್ಲಾ ಕಡೆ ಹಾಗೇ’ ಅನ್ನುತ್ತಾನೆ.

ಉತ್ತರ: ಆ ಸಾಲನ್ನು ನಿಂತು ಓದಿದಿರಲ್ಲ, ಒಳ್ಳೆಯದಾಯಿತು ಸರ್. ಹೆಚ್ಚಿನವರು ಓದುವುದೇ ಇಲ್ಲ.

ನಿಮ್ಮ ಗದ್ದೆ ಲೆಕ್ಕದಲ್ಲೇ ಹೇಳುತ್ತೇನೆ. ಸ್ವಂತ ಗದ್ದೆಯಾದರೆ ಪಹಣಿಯಲ್ಲಿ ನಿಮ್ಮ ಹೆಸರು ಇರುತ್ತದೆ. ಮಾರಬಹುದು, ಮಗನಿಗೆ ಬಿಡಬಹುದು, ಬೀಳು ಬಿಟ್ಟರೂ ಕೇಳುವವರಿಲ್ಲ. ಗುತ್ತಿಗೆಗೆ ಹಿಡಿದ ಗದ್ದೆಯಲ್ಲಿ ಬೆಳೆ ನಿಮ್ಮದು, ನೆಲ ಅಲ್ಲ. ಸ್ಟೀಮ್ ಗೇಮ್ ಈ ಎರಡನೇ ಜಾತಿಯದು. ಆದರೆ ಗುತ್ತಿಗೆಯಲ್ಲಿ ಇಷ್ಟು ವರ್ಷ ಅಂತ ಮೊದಲೇ ಮಾತಾಗಿರುತ್ತದೆ. ಇಲ್ಲಿ ಅವಧಿಯನ್ನೇ ಬರೆದಿರುವುದಿಲ್ಲ. 20 ವರ್ಷ ನಡೆಯಬಹುದು, ಎರಡೇ ವರ್ಷಕ್ಕೆ ನಿಲ್ಲಬಹುದು. ನನಗೆ ಸಿಟ್ಟು ಬರುವುದು ಇದಕ್ಕೇ. ಲೈಸೆನ್ಸ್ ಅನ್ನುವುದು ತಪ್ಪಲ್ಲ. ಎಷ್ಟು ದಿನಕ್ಕೆ ಅಂತ ಹೇಳದೆ ಪೂರ್ತಿ ಬೆಲೆ ತೆಗೆದುಕೊಳ್ಳುವುದು ತಪ್ಪು.

ನೀವು ನೋಡಿದ ಸಾಲು ಹೊಸದು, ನಿಯಮ ಹಳೆಯದು. ಗೇಮ್ ಮಾರುತ್ತಿಲ್ಲ, ಬಳಸಲು ಲೈಸೆನ್ಸ್ ಕೊಡುತ್ತಿದ್ದೇವೆ ಅಂತ ಸ್ಟೀಮ್ ಒಪ್ಪಂದದಲ್ಲಿ ಎಷ್ಟೋ ವರ್ಷಗಳಿಂದ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾನೂನು ಮಾಡಿತು. ಡಿಜಿಟಲ್ ಸರಕಿನ ಮುಂದೆ ‘ಬೈ’ ಅಂತ ಬಟನ್ ಇಡುವುದಾದರೆ, ಸಿಗುವುದು ಲೈಸೆನ್ಸ್ ಮಾತ್ರ ಅಂತ ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು. ಅದು ಜಾರಿಗೆ ಬಂದದ್ದು 2025ರ ಜನವರಿ 1ಕ್ಕೆ. ಸ್ಟೀಮ್ ಅದಕ್ಕೂ ಮುಂಚೆ, 2024ರ ಅಕ್ಟೋಬರ್‌ನಲ್ಲೇ ಈ ಸಾಲು ಹಾಕಲು ಶುರು ಮಾಡಿತು. ಆ ಕಾನೂನಿನಲ್ಲೇ ಒಂದು ವಿನಾಯಿತಿಯೂ ಇದೆ: ಡೌನ್‌ಲೋಡ್ ಮಾಡಿಕೊಂಡು, ಇಂಟರ್ನೆಟ್ ಇಲ್ಲದೆ ಎಂದೆಂದಿಗೂ ಇಟ್ಟುಕೊಳ್ಳಲು ಬರುವ ಸರಕಿಗೆ ಈ ಎಚ್ಚರಿಕೆ ಬೇಕಿಲ್ಲ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಸುಮ್ನೆ ಹೆದರಿಸುತ್ತಿದ್ದೇನೆ ಅನ್ನಿಸಬಾರದು, ಅದಕ್ಕೇ ನಡೆದದ್ದನ್ನೇ ಹೇಳುತ್ತೇನೆ. ಯೂಬಿಸಾಫ್ಟ್ ಕಂಪನಿ 2014ರಲ್ಲಿ ‘ದಿ ಕ್ರೂ’ ಎಂಬ ಕಾರ್ ರೇಸ್ ಗೇಮ್ ಬಿಟ್ಟಿತು. ಒಬ್ಬರೇ ಕೂತು ಆಡಿದರೂ ಕಂಪನಿಯ ಸರ್ವರ್ ಜೊತೆ ಸಂಪರ್ಕ ಇರಲೇಬೇಕು, ಹಾಗೆ ಕಟ್ಟಿದ್ದರು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಮಾಡಿದರು. ಡಿಸ್ಕ್ ಕೊಂಡು ಕಪಾಟಿನಲ್ಲಿ ಇಟ್ಟುಕೊಂಡವರಿಗೂ ಆಟ ನಿಂತಿತು. ಆಮೇಲೆ ಜನರ ಅಕೌಂಟ್‌ಗಳಿಂದ ಲೈಸೆನ್ಸನ್ನೂ ತೆಗೆದರು. ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಬಣ್ಣದ ಗೊಂಬೆ ಕೊಂಡು ತಂದಿದ್ದೀರಿ ಅಂತ ಇಟ್ಟುಕೊಳ್ಳಿ. ಮಾಡಿದವರು ಕೆಲಸ ಬಿಟ್ಟರೆ ನಿಮ್ಮ ಶೋಕೇಸಿನ ಗೊಂಬೆ ಮಾಯವಾಗುತ್ತದಾ?

ಇದನ್ನು ನೋಡಿ ರಾಸ್ ಸ್ಕಾಟ್ ಎಂಬವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಚಳವಳಿ ಶುರು ಮಾಡಿದರು. ಗೇಮ್ ನಿಲ್ಲಿಸುವುದಾದರೆ ನಿಲ್ಲಿಸಿ, ಆದರೆ ಕೊಂಡವರು ಆಡಲು ಬರುವ ಹಾಗೆ ಮಾಡಿ ಬಿಟ್ಟುಹೋಗಿ ಅನ್ನುವುದು ಅವರ ಬೇಡಿಕೆ. ಯುರೋಪಿಯನ್ ಯೂನಿಯನ್‌ಗೆ ಕೊಡುವ ಮನವಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ಈ ಬೇಡಿಕೆ ನ್ಯಾಯವಾದದ್ದು ಅಂತ ನಾನು ಪೂರ್ತಿ ನಂಬುತ್ತೇನೆ.

ನನಗೂ ಇಂಥದ್ದೇ ಆಗಿದೆ. ತುಂಬಾ ಹಿಂದೆ ಒಂದು ಸಣ್ಣ ಆನ್‌ಲೈನ್ ಅಂಗಡಿಯಿಂದ ಗೇಮ್ ಕೊಂಡಿದ್ದೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಅದರ ಐಕಾನ್ ಈಗಲೂ ಇದೆ. ಡಬಲ್ ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳುವ ಪುಟ್ಟ ಚೌಕ ಬರುತ್ತದೆ. ಹಾಕಿದರೆ ಬಿಳಿ ಚಕ್ರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಅಂಗಡಿ ಮುಚ್ಚಿ ವರ್ಷಗಳಾದವು. ಗೇಮ್‌ನ ಫೈಲೆಲ್ಲಾ ನನ್ನ ಹಾರ್ಡ್ ಡಿಸ್ಕ್‌ನಲ್ಲೇ ಬಿದ್ದಿದೆ. ಕೀಲಿಕೈ ಮಾತ್ರ ಅವರ ಹತ್ತಿರ ಉಳಿಯಿತು.

ಈಗ ನಿಮ್ಮ ಮಗನ ಮಾತಿಗೆ ಬರೋಣ. ಅವನು ಹೇಳಿದ್ದು ಅರ್ಧ ನಿಜ. ಕಾಗದದ ಮೇಲೆ ಎಲ್ಲಾ ಅಂಗಡಿಯವರೂ ಕೊಡುವುದು ಲೈಸೆನ್ಸೇ. ಕೈಗೆ ಸಿಗುವುದರಲ್ಲಿ ಮಾತ್ರ ತುಂಬಾ ವ್ಯತ್ಯಾಸ ಇದೆ.

ಗಾಗ್ ಎಂಬ ಅಂಗಡಿ 2008ರಿಂದ ಇದೆ, ಪೋಲೆಂಡ್ ಮೂಲದ್ದು. ಅಲ್ಲಿ ಗೇಮ್ ಕೊಂಡರೆ ಅದನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಇನ್‌ಸ್ಟಾಲರ್ ಫೈಲನ್ನೇ ಕೊಡುತ್ತಾರೆ, ಆಡಲು ಅಂಗಡಿಯ ಅನುಮತಿ ಕೇಳುವ ಬೀಗ ಇರುವುದಿಲ್ಲ. ನಿಮ್ಮ ಲೈಬ್ರರಿಯಲ್ಲಿ, ಅಂದರೆ ಕೊಂಡ ಗೇಮ್‌ಗಳ ಪಟ್ಟಿಯಲ್ಲಿ, ಗೇಮ್ ಮೇಲೆ ಒತ್ತಿದರೆ ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್ ಅಂತ ಕಾಣುತ್ತದೆ. ದೊಡ್ಡ ಗೇಮ್ ಆದರೆ ತುಂಡು ತುಂಡು ಫೈಲ್ ಬರುತ್ತವೆ. ಒಂದನ್ನೂ ಬಿಡದೆ ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಹಾಕಿ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ ವೈಫೈ ಆಫ್ ಮಾಡಿ, ಬೇರೊಂದು ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡಿ ನೋಡಿ. ಆಡಲು ಬಂತು ಅಂದರೆ ಆ ಅಂಗಡಿ ನಾಳೆ ಮುಚ್ಚಿದರೂ ನಿಮಗೆ ತೊಂದರೆ ಇಲ್ಲ. ಆಗಲೇ ಹೇಳಿದ ವಿನಾಯಿತಿ ಇಂಥ ಸರಕಿಗೇ.

ಸ್ಟೀಮ್‌ನಲ್ಲೂ ಬೀಗ ಹಾಕುವುದು ಬಿಡುವುದು ಗೇಮ್ ಮಾಡಿದವರ ಇಷ್ಟ. ಕೆಲವು ಗೇಮ್‌ಗಳ ಫೋಲ್ಡರ್ ಕಾಪಿ ಮಾಡಿ ಸ್ಟೀಮ್ ಇಲ್ಲದೆಯೂ ಆಡಬಹುದು. ಇನ್ನು ಕೆಲವಕ್ಕೆ ಸ್ಟೀಮ್ ಸಾಲದು ಅಂತ ಮತ್ತೊಂದು ಕಂಪನಿಯ ಬೀಗ, ಮತ್ತೊಂದು ಅಕೌಂಟ್. ಗೇಮ್‌ನ ಪುಟದಲ್ಲಿ ಬಲಗಡೆ ಈ ಹೊರಗಿನ ಬೀಗದ ವಿಷಯ ಬರೆದಿರುತ್ತಾರೆ, ಅದಕ್ಕೆ ಡಿಆರ್‌ಎಂ ಅನ್ನುತ್ತಾರೆ. ಮಗನಿಗೆ ಮೊದಲು ಅದನ್ನು ನೋಡಲು ಹೇಳಿ.

ಒಂದು ಸಮಾಧಾನವೂ ಇದೆ. ಸ್ಟೀಮ್‌ನಲ್ಲಿ ಒಂದು ಗೇಮ್ ಮಾರಾಟ ನಿಂತರೆ, ಮೊದಲೇ ಕೊಂಡವರಿಗೆ ಸಾಮಾನ್ಯವಾಗಿ ಅದು ಲೈಬ್ರರಿಯಲ್ಲೇ ಉಳಿಯುತ್ತದೆ. ನಿಂಟೆಂಡೊ ಕಂಪನಿ 3ಡಿಎಸ್ ಮತ್ತು ವೀ ಯು ಎಂಬ ತನ್ನ ಗೇಮ್ ಯಂತ್ರಗಳ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿದಾಗಲೂ ಕೊಂಡಿದ್ದನ್ನು ಮತ್ತೆ ಇಳಿಸಿಕೊಳ್ಳಲು ಬಿಟ್ಟಿತು. ಹಾಗಾಗಿ 30 ಗೇಮ್ ನಾಳೆಯೇ ಹೋಗುತ್ತವೆ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಇನ್ನು ಮುಂದೆ ಹೀಗೆ ಮಾಡಿ: ಮಗ ಹತ್ತು ವರ್ಷ ಆದಮೇಲೂ ಆಡುತ್ತೇನೆ ಅನ್ನುವ ಗೇಮ್ ಗಾಗ್‌ನಲ್ಲಿದ್ದರೆ, ಸ್ವಲ್ಪ ಜಾಸ್ತಿ ಆದರೂ ಅಲ್ಲೇ ಕೊಳ್ಳಲಿ. ಗೆಳೆಯರ ಜೊತೆ ಆನ್‌ಲೈನ್ ಆಡುವ ಗೇಮ್‌ಗೆ ಬಾಡಿಗೆ ಕೊಡುತ್ತಿದ್ದೇವೆ ಅಂತ ತಿಳಿದು ದುಡ್ಡು ಹಾಕಲಿ, ಸೇಲ್ ಬರುವವರೆಗೆ ಕಾಯಲಿ. ಸ್ಟೀಮ್‌ನಲ್ಲಿ ಕೊಂಡದ್ದು ಹಿಡಿಸದಿದ್ದರೆ 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು.

ಬ್ಯಾಕಪ್ ಇಟ್ಟುಕೊಳ್ಳುವುದು ಕಳ್ಳತನ ಅಲ್ವಾ ಅಂತ ಎಷ್ಟೋ ಜನ ಕೇಳುತ್ತಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಪ್ರಕಾರ, ಪ್ರೋಗ್ರಾಮ್ ನ್ಯಾಯವಾಗಿ ಕೈಗೆ ಬಂದವರು ಕಳೆದುಹೋದೀತು, ಹಾಳಾದೀತು ಅಂತ ಒಂದು ಪ್ರತಿ ಮಾಡಿಟ್ಟುಕೊಳ್ಳಬಹುದು. ಆದರೆ ಅದನ್ನು ಬೇರೆಯವರಿಗೆ ಹಂಚುವುದು ತಪ್ಪು.

ಪ್ರಶ್ನೆ: ಬಳ್ಳಾರಿಯಲ್ಲಿ ಓದುತ್ತಿದ್ದೇನೆ. ಪಿಎಸ್5 ಗೇಮ್ ಯಂತ್ರ ಕೊಳ್ಳಬೇಕು ಅಂತ ದುಡ್ಡು ಕೂಡಿಸಿದ್ದೇನೆ. ಡಿಸ್ಕ್ ಇರುವುದಾ, ಇಲ್ಲದ್ದಾ? ಇನ್ನೊಂದು, ಗೆಳೆಯನೊಬ್ಬ ಟೆಲಿಗ್ರಾಂನಲ್ಲಿ ಅರ್ಧ ಬೆಲೆಗೆ ಪಿಸಿ ಗೇಮ್ ಕೀ, ಅಂದರೆ ಗೇಮ್ ತೆರೆಯುವ ಕೋಡ್, ಸಿಗುತ್ತವೆ ಅಂದ.

ಉತ್ತರ: ಡಿಸ್ಕ್ ಹಾಕಲು ಬರುವುದನ್ನೇ ಕೊಳ್ಳಿ. ವಿದ್ಯಾರ್ಥಿಗೆ ಇದೇ ಉಳಿತಾಯ. ಆಡಿ ಮುಗಿಸಿದ ಡಿಸ್ಕನ್ನು ಮಾರಬಹುದು, ಹಾಸ್ಟೆಲ್ ಗೆಳೆಯನ ಜೊತೆ ಬದಲು ಮಾಡಿಕೊಳ್ಳಬಹುದು. ಡಿಸ್ಕ್ ಇಲ್ಲದೆ ಡೌನ್‌ಲೋಡ್ ಆಗಿ ಕೊಂಡ ಗೇಮ್‌ಗೆ ಈ ಎರಡೂ ಇಲ್ಲ. ಆದರೆ ಡಬ್ಬಿಯ ಹಿಂದೆ ಇಂಟರ್ನೆಟ್ ಬೇಕೇ ಬೇಕು ಅಂತ ಇದೆಯಾ ನೋಡಿಕೊಳ್ಳಿ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಎಂಬ ಗೇಮ್ ಯಂತ್ರದ ಕೆಲವು ಗೇಮ್ ಕಾರ್ಡ್‌ಗಳ ಒಳಗೆ ಗೇಮೇ ಇರುವುದಿಲ್ಲ, ಡೌನ್‌ಲೋಡ್ ಮಾಡಲು ಕೀ ಮಾತ್ರ ಇರುತ್ತದೆ.

ಟೆಲಿಗ್ರಾಂ ಕೀ ಬೇಡ. ಕದ್ದ ಕಾರ್ಡ್‌ನಿಂದ ಕೊಂಡ ಕೀ ಆಗಿದ್ದರೆ ಕಂಪನಿ ಅದನ್ನು ರದ್ದು ಮಾಡುತ್ತದೆ, ಕಳೆದುಕೊಳ್ಳುವವರು ನೀವು. ಬಿಲ್ ಕೊಡುವ ಅಂಗಡಿಯವರು ಮೋಸ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಹೆಸರೇ ಇಲ್ಲದವನ ಮೇಲೆ ಏನಂತ ದೂರು ಕೊಡುತ್ತೀರಿ?

ಪ್ರಶ್ನೆ: ರಾಯಚೂರಿನಿಂದ ಬರೆಯುತ್ತಿದ್ದೇನೆ. ನಮ್ಮಣ್ಣ ಹೋದ ವರ್ಷ ತೀರಿಕೊಂಡ. ರಾತ್ರಿ ಊಟ ಆದಮೇಲೆ ಸ್ಟಾರ್‌ಡ್ಯೂ ವ್ಯಾಲಿ ಅಂತ ಹೊಲ ಮಾಡುವ ಗೇಮ್ ಆಡುತ್ತಿದ್ದ. ನಾನು ಪಕ್ಕದಲ್ಲಿ ಕೂತು ಯಾವ ಬೀಜ ಹಾಕಬೇಕು ಅಂತ ಹೇಳುತ್ತಿದ್ದೆ. ಅವನ ಅಕೌಂಟ್ ನನ್ನ ಹೆಸರಿಗೆ ಮಾಡಿಕೊಡಿ ಅಂತ ಆನ್‌ಲೈನ್ ಸ್ಟೋರ್‌ಗೆ ಬರೆದೆ. ಆಗಲ್ಲ ಅಂದರು. ಅವನ ಕಂಪ್ಯೂಟರ್ ಮನೆಯಲ್ಲೇ ಇದೆ, ಚಾಲೂ ಆಗುತ್ತದೆ.

ಉತ್ತರ: ತಂಗೀ, ನಿಮ್ಮ ಪತ್ರ ಎರಡು ಸಲ ಓದಿದೆ. ಅಣ್ಣನನ್ನು ಕಳೆದುಕೊಂಡಿದ್ದಕ್ಕೆ ತುಂಬಾ ದುಃಖವಾಯಿತು.

ಅಕೌಂಟ್ ವಿಷಯದಲ್ಲಿ ಸ್ಟೋರ್‌ಗಳ ನಿಯಮ ಕಠಿಣ. ಸ್ಟೀಮ್ ಅಂತೂ, ಉಯಿಲಿನಲ್ಲಿ ಬರೆದಿಟ್ಟರೂ ಅಕೌಂಟ್ ಇನ್ನೊಬ್ಬರಿಗೆ ಮಾಡಿಕೊಡುವುದಿಲ್ಲ ಅಂತ ಹೇಳಿದೆ. ಪುಸ್ತಕದ ಕಪಾಟು, ಸೈಕಲ್, ವಾಚು ಎಲ್ಲಾ ಮನೆಯವರಿಗೆ ಬರುತ್ತದೆ, ಇದು ಬರುವುದಿಲ್ಲ. ಈ ನಿಯಮ ಬದಲಾಗಲೇಬೇಕು.

ಆದರೆ ನಿಮಗೆ ಬೇಕಾದದ್ದು ಅಕೌಂಟ್ ಅಲ್ಲ ಅನ್ನಿಸುತ್ತದೆ. ಅಣ್ಣ ಮಾಡಿದ ಆ ಹೊಲ, ಅಲ್ವಾ? ಅದು ಆ ಕಂಪ್ಯೂಟರ್‌ನಲ್ಲೇ ಇದೆ. ವಿಂಡೋಸ್ ಆದರೆ, ಕೀಬೋರ್ಡ್‌ನಲ್ಲಿ ವಿಂಡೋಸ್ ಗುರುತಿನ ಕೀ ಜೊತೆ ಆರ್ ಒತ್ತಿ. ಬರುವ ಚೌಕದಲ್ಲಿ ಶೇಕಡಾ ಚಿಹ್ನೆ, ಆಪ್‌ಡೇಟಾ ಎಂಬ ಪದ, ಮತ್ತೆ ಶೇಕಡಾ ಚಿಹ್ನೆ, ನಡುವೆ ಜಾಗ ಬಿಡದೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಹೆಸರಿನ ಫೋಲ್ಡರ್, ಅದರೊಳಗೆ ಸೇವ್ಸ್ ಅಂತ ಇನ್ನೊಂದು. ಒಳಗಿರುವ ಫೋಲ್ಡರ್‌ನ ಹೆಸರು, ನಿಮ್ಮಣ್ಣ ತನ್ನ ರೈತನಿಗೆ ಇಟ್ಟ ಹೆಸರು, ಮುಂದೆ ಒಂದು ಉದ್ದ ಸಂಖ್ಯೆ.

ಆ ಸೇವ್ಸ್ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಎರಡು ಕಡೆ ಇಡಿ. ಈ ಗೇಮ್ ಗಾಗ್‌ನಲ್ಲೂ ಸಿಗುತ್ತದೆ. ನಿಮ್ಮ ಹೆಸರಲ್ಲಿ ಒಂದು ಪ್ರತಿ ಕೊಂಡು ಇನ್‌ಸ್ಟಾಲ್ ಮಾಡಿ, ನಿಮ್ಮ ಕಂಪ್ಯೂಟರ್‌ನಲ್ಲಿ ಅದೇ ಜಾಗಕ್ಕೆ ಅಣ್ಣನ ಫೋಲ್ಡರ್ ಹಾಕಿ. ಗೇಮ್ ತೆರೆದು ‘ಲೋಡ್’ ಒತ್ತಿದರೆ ಅವನ ಹೊಲ ಕಾಣಿಸುತ್ತದೆ. ಅವನು ಆಟದ ರೈತನನ್ನು ಕೊನೆಗೆ ಮಲಗಿಸಿದ ದಿನದ ಮಾರನೇ ಬೆಳಿಗ್ಗೆಯಿಂದ ಶುರುವಾಗುತ್ತದೆ.

ಆ ಕಂಪ್ಯೂಟರನ್ನು ರಿಪೇರಿಗೆ ಕೊಡುವುದಾಗಲಿ, ಫಾರ್ಮ್ಯಾಟ್ ಮಾಡಿಸುವುದಾಗಲಿ ಆಮೇಲೆ. ಮೊದಲು ಈ ಕಾಪಿ, ಇವತ್ತೇ.