ಮಳೆ ಪುಸ್ತಕದಲ್ಲಿ ಇನ್ನೊಂದು ಕಲಂ

ಮಾನ್ಯರೇ, ನಮಸ್ಕಾರ.

ನಿಮ್ಮ ಪತ್ರ ಅಂಚೆಯಲ್ಲಿ 3ನೇ ದಿನಕ್ಕೆ ಕೈ ಸೇರಿತು. ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಸಿದ್ದಾಪುರ ತಾಲ್ಲೂಕಿನ ನಿಮ್ಮ ಮನೆಯಲ್ಲಿ ಆರಿದ್ರಾ ಮಳೆ ಹಿಡಿದಂದಿನಿಂದ ಪತ್ರ ಬರೆಯುವ ದಿನದವರೆಗಿನ 24 ದಿನಗಳಲ್ಲಿ 11 ದಿನ ಇಂಟರ್ನೆಟ್ ಇರಲಿಲ್ಲ. ದೂರು ಕೊಟ್ಟರೆ ಮರುದಿನ ಮೊಬೈಲಿಗೆ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶ ಬರುತ್ತದೆ. ಜಗುಲಿಯ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಾತ್ರ ಮಿಟುಕುತ್ತಲೇ ಇರುತ್ತದೆ. ಬಿಲ್ಲು ಪೂರ್ತಿ ತಿಂಗಳದ್ದು. 2020ರಲ್ಲಿ ಬೆಂಗಳೂರಿನಿಂದ ಬಂದು ಮನೆಯಿಂದಲೇ ಕೆಲಸ ಮಾಡುತ್ತಾ ತೋಟವನ್ನೂ ನೋಡಿಕೊಂಡಿದ್ದ ಮಗ ಈಗ ಮತ್ತೆ ಬೆಂಗಳೂರಿಗೆ ಹೊರಡುವ ಮಾತಾಡುತ್ತಿದ್ದಾನೆ.

ಕಳೆದ ಸಂಚಿಕೆಯಲ್ಲಿ ‘ಹಳ್ಳಿಯ ಮೂಲೆಗೂ ಜಗತ್ತು ಬಂದಿದೆ’ ಎಂದು ಬರೆದವನು ನಾನೇ. ‘ಆ ಜಗತ್ತು ನಮ್ಮ ಮನೆಗೆ ಬರುವಾಗ ದಾರಿಯಲ್ಲಿ ಎಲ್ಲಿ ಕೂತಿದೆ ಎಂದು ವಿಚಾರಿಸಿ ತಿಳಿಸಿ’ ಎಂದು ಕೇಳಿದ್ದೀರಿ. ಏಟು ಬೀಳಬೇಕಾದ ಜಾಗಕ್ಕೇ ಬಿದ್ದಿದೆ. ಒಂದು ಗುಟ್ಟನ್ನೂ ಹೇಳಿಬಿಡುತ್ತೇನೆ: ಆ ಸಂಪಾದಕೀಯವಿದ್ದ ಪುಟಗಳೇ ನೆಟ್‌ನಲ್ಲಿ ಮುದ್ರಣಾಲಯಕ್ಕೆ ಹೋಗಲಿಲ್ಲ. ಎರಡು ರಾತ್ರಿ ಕಾದು, ಪೆನ್‌ಡ್ರೈವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಜೇಬಿಗಿಳಿಸಿ, ಬೆಳಗಿನ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಕೊಟ್ಟು ಬಂದೆ. ಇಷ್ಟಾದ ಮೇಲೂ ಆ ವಾಕ್ಯವನ್ನು ತೆಗೆಯಬೇಕೆಂದು ನನಗೆ ಹೊಳೆಯಲಿಲ್ಲ ನೋಡಿ.

ಆದರೆ ನಿಮ್ಮ ಪತ್ರದ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ‘ಲೈನಿನವರು ಸೋಮಾರಿಗಳು’ ಎಂದಿದ್ದೀರಿ. ಆ ಬಸ್ ಪ್ರಯಾಣದ ಮರುವಾರ ನಮ್ಮ ಊರ ಹಳ್ಳದ ಸೇತುವೆಯ ಬಳಿ ಒಬ್ಬ ಹುಡುಗ ಕೇಬಲ್ ಜೋಡಿಸುತ್ತಿದ್ದುದನ್ನು ನಿಂತು ನೋಡಿದೆ. ರಸ್ತೆ ಬದಿಯ ಚರಂಡಿ ಅಗೆಯುವಾಗ ಜೆಸಿಬಿಯ ಹಲ್ಲಿಗೆ ಸಿಕ್ಕಿ 24 ಗಾಜಿನ ಎಳೆಗಳ ಆಪ್ಟಿಕಲ್ ಫೈಬರ್ ಕೇಬಲ್ ತುಂಡಾಗಿತ್ತು. ಮಳೆಗೆ ಹೊರಗೆ ಕೂರುವಂತಿಲ್ಲ. ಓಮ್ನಿ ಕಾರಿನ ಹಿಂದಿನ ಸೀಟಿನಲ್ಲಿ ಮಂಡಿಯೂರಿ, ಬಾಗಿಲನ್ನು ಕೇಬಲ್ ಒಳಬರುವಷ್ಟು ಮಾತ್ರ ತೆರೆದಿಟ್ಟುಕೊಂಡು ಕೆಲಸ ಮಾಡುತ್ತಿದ್ದ. ಪ್ರತಿ ಎಳೆಗೂ ಒಂದೊಂದು ಬಣ್ಣ. ಈ ಕಡೆಯ ನೀಲಿ ಆ ಕಡೆಯ ನೀಲಿಗೇ ಸೇರಬೇಕು. ಮೇಲಿನ ಬಣ್ಣದ ಪದರವನ್ನು ಸುಲಿದರೆ ಉಳಿಯುವ ಗಾಜಿನ ದಪ್ಪ 125 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಪಾಲು. ನೆಟ್ ಹೊತ್ತ ಬೆಳಕು ಹರಿಯುವುದು ಅದರ ನಡುವಿನ 9 ಮೈಕ್ರಾನಿನಲ್ಲಿ. ತುದಿಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಸಮನಾಗಿ ಕತ್ತರಿಸಿ, ಯಂತ್ರದೊಳಗಿಟ್ಟು ಮುಚ್ಚಿದರೆ ಒಂದು ಸಣ್ಣ ಕಿಡಿ ಎರಡು ತುದಿಗಳನ್ನೂ ಬೆಸೆಯುತ್ತದೆ. ಕೈ ಒದ್ದೆಯಿದ್ದರೆ, ಧೂಳಿನ ಕಣವೊಂದು ಕೂತರೆ, ಮತ್ತೆ ಮೊದಲಿನಿಂದ. ‘ಊಟ ಆಯಿತೇನಪ್ಪ?’ ಎಂದು ಕೇಳಿದೆ. ‘ಇನ್ನೂ 9 ಎಳೆ ಇದೆ ಸರ್’ ಎಂದ. ಅವನ ಪಾಲಿಗಿದ್ದದ್ದು ನಾಲ್ಕು ಪಂಚಾಯತಿಗಳ ಲೈನು.

ಆದ್ದರಿಂದ ತಂತಿ ತುಂಡಾಗುವುದನ್ನು ನಾನು ಕ್ಷಮಿಸಬಲ್ಲೆ. ಮಲೆನಾಡಿನಲ್ಲಿ ಮರ ಬೀಳುತ್ತದೆ, ಧರೆ ಕುಸಿಯುತ್ತದೆ. ಕಾಶಿಯಲ್ಲಿ ಗಂಗೆಯ ಘಾಟುಗಳ ಉದ್ದಕ್ಕೂ ಎಳೆದ ಕೇಬಲ್ಲನ್ನು ಮಂಗಗಳು ಕಡಿದು ಹಾಕಿದ ಸುದ್ದಿ 2015ರಲ್ಲಿ ಬಂದಿತ್ತು. ನಮ್ಮ ಮಂಗಗಳು ಸದ್ಯಕ್ಕೆ ಬಾಳೆಗೊನೆಯಲ್ಲೇ ತೃಪ್ತವಾಗಿವೆ. ಅಗೆಯುವವರು ಮೊದಲು ಕೇಬಲ್ ಇರುವವರನ್ನು ವಿಚಾರಿಸಲಿ ಎಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಒಂದು ಆ್ಯಪ್ ಅನ್ನೇ ಬಿಡುಗಡೆ ಮಾಡಿದೆ. ನಮ್ಮ ಹಳ್ಳದ ಬಳಿಯ ಜೆಸಿಬಿ ಚಾಲಕನಿಗೆ ಅದರ ಹೆಸರೂ ಗೊತ್ತಿರಲಿಲ್ಲ.

ಕ್ಷಮಿಸಲಾಗದ್ದು ಬೇರೆ ಎರಡಿವೆ.

ಮೊದಲನೆಯದು, ಒಂದೇ ದಾರಿಯ ಲೈನು. ಪ್ರತಿ ಗ್ರಾಮ ಪಂಚಾಯತಿಗೂ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು. ಗುರಿ ಸುಮಾರು 2.5 ಲಕ್ಷ ಪಂಚಾಯತಿ. 2017ರ ಕೊನೆಗೆ ಮೊದಲ ಹಂತದಲ್ಲಿ 1 ಲಕ್ಷ ಮುಗಿಯಿತೆಂದು ಲೆಕ್ಕ ಬಂತು. ಆದರೆ ಆ ಲೈನುಗಳನ್ನು ಬಹುಪಾಲು ಎಳೆದದ್ದು ಹೇಗೆಂದರೆ, ಅಡಿಕೆ ತೋಟಕ್ಕೆ ಮೇಲಿನ ಕೆರೆಯಿಂದ ಒಂದೇ ಪೈಪು ಹಾಕಿದ ಹಾಗೆ. ನಡುವೆ ಒಡೆದರೆ ಕೆಳಗಿನ ತೋಟವೆಲ್ಲ ಒಣಗುತ್ತದೆ. ಲೈನನ್ನು ಬಳೆಯ ಹಾಗೆ ಸುತ್ತಿ ತಂದರೆ ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಬರುತ್ತದೆ. ಇದು ಸರ್ಕಾರಕ್ಕೂ ಗೊತ್ತು: 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಈ ಬಳೆಯ ಜೋಡಣೆಯನ್ನೂ, 10 ವರ್ಷಗಳ ನಿರ್ವಹಣೆಯನ್ನೂ ಸೇರಿಸಲಾಯಿತು. ಖಾಸಗಿಯವರ ಲೈನಿಗೂ ಮಾತು ಇದೇ. ಎರಡನೇ ದಾರಿಗೆ ದುಡ್ಡು ಹಾಕದವನ ಲೈನು ಪ್ರತಿ ಮಳೆಗಾಲದಲ್ಲೂ ಸಾಯುತ್ತದೆ.

ಎರಡನೆಯದು ‘ಪರಿಹಾರವಾಗಿದೆ’ ಎಂಬ ಆ ಸಂದೇಶ. ನನಗೆ ಸಿಟ್ಟು ಬರುವುದು ಇಲ್ಲಿಯೇ. ದೂರು ಎಷ್ಟು ಬೇಗ ಮುಚ್ಚಿತು ಎಂದು ಅಳೆಯುವವರಿದ್ದಾರೆ. ನಿಮ್ಮ ಮನೆಯಲ್ಲಿ ದೀಪ ಹಸಿರಾಯಿತೇ ಎಂದು ನೋಡುವವರಿಲ್ಲ. ಎಷ್ಟು ಪಂಚಾಯತಿ, ಎಷ್ಟು ಮನೆ, ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ಪ್ರತಿ ಸಭೆಯಲ್ಲೂ ಸಿಗುತ್ತದೆ. ಕೊಟ್ಟ ಸಂಪರ್ಕ ವರ್ಷದಲ್ಲಿ ಎಷ್ಟು ದಿನ ನಡೆಯಿತು ಎಂದು ನಿಮ್ಮ ಪಂಚಾಯತಿಯಲ್ಲಿ ಕೇಳಿ ನೋಡಿ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ಮಗಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವಾಗ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ಇಡೀ ದೇಶ ನೋಡಿತು. ಅವರಿಗೆ ಸಂಪರ್ಕವೇ ಇರಲಿಲ್ಲ, ಅದು ಕಣ್ಣಿಗೆ ಕಾಣುವ ಕಷ್ಟ. ನಿಮ್ಮದು ಕಡತದಲ್ಲಿ ಸಂಪರ್ಕವಿರುವ ಮನೆ, ಹಾಗಾಗಿ ಚಿತ್ರ ತೆಗೆಯಲೂ ಏನೂ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ: ಏನು ಮಾಡಬೇಕು?

ನಿಮ್ಮ ಪತ್ರದಲ್ಲೇ ಒಂದು ಕಡೆ, ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುವಾಗ ಪಕ್ಕದಲ್ಲೇ ‘ನೆಟ್ ಇಲ್ಲ’ ಎಂದೂ ಗೀಚಿಡುತ್ತೇನೆ ಎಂದಿದ್ದೀರಿ. ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಬೇಕಿಲ್ಲ, ಸ್ವಲ್ಪ ಬಿಗಿ ಮಾಡಿ. ಹೋದ ಹೊತ್ತು, ಬಂದ ಹೊತ್ತು, ದೂರಿನ ನೋಂದಣಿ ಸಂಖ್ಯೆ, ದೀಪದ ಬಣ್ಣ. ಪೆಟ್ಟಿಗೆಯ ಮೇಲೆ ‘LOS’ (ಲಾಸ್) ಎಂದು ಬರೆದಲ್ಲಿ ಕೆಂಪು ಮಿಟುಕಿದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಎಂದರ್ಥ. ಪೆಟ್ಟಿಗೆಯನ್ನು ಹತ್ತು ಸಲ ಆರಿಸಿ ಹಚ್ಚಿ ಎಂದು ಫೋನಿನಲ್ಲಿ ಹೇಳುವವರ ಮಾತು ಕೇಳಬೇಕಿಲ್ಲ. ಕರೆಂಟು ಹೋದಾಗಲಷ್ಟೇ ನೆಟ್ ಹೋಗುವುದಾದರೆ ಪೆಟ್ಟಿಗೆಗೆ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿಸಿ. ಅದು ನಿಮ್ಮ ಕೈಯಲ್ಲಿರುವ ಕೆಲಸ.

ದೂರು ಸುಳ್ಳೇ ಮುಚ್ಚಿದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. 30 ದಿನಗಳೊಳಗೆ ಹೋಗಬೇಕು, ಶುಲ್ಕವಿಲ್ಲ, ಅಂಚೆಯಲ್ಲೂ ಕಳಿಸಬಹುದು. ನೆಟ್ ಇಲ್ಲವೆಂದು ಹೇಳಲು ನೆಟ್ ಹುಡುಕುವ ಪಾಡಾದರೂ ತಪ್ಪುತ್ತದೆ. ದುರಸ್ತಿ ತಡವಾದ ದಿನಗಳಿಗೆ ಬಾಡಿಗೆಯಲ್ಲಿ ಕಡಿತ ಕೇಳಿ. ಪುಸ್ತಕದ ಪುಟದ ನಕಲು ಜೊತೆಗಿರಲಿ. ಅಲ್ಲೂ ಕೆಲಸವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರಸಂಪರ್ಕದ ದೂರುಗಳು ಅಲ್ಲಿ ನಡೆಯುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ; ನಡೆಯುತ್ತವೆ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಆದರೆ ಸಿದ್ದಾಪುರದಿಂದ ಘಟ್ಟ ಇಳಿದು ಕಾರವಾರಕ್ಕೆ ಹೋಗಿಬರಲು ಒಂದು ದಿನವೇ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಒಬ್ಬರೇ ಹೋಗಬೇಡಿ. ಅದೇ ಲೈನಿನ ಏಳೆಂಟು ಮನೆಯವರು ಒಂದೇ ತಾರೀಖಿನಿಂದ ಒಂದೇ ರೀತಿ ಬರೆದಿಟ್ಟ ಲೆಕ್ಕವನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾರರು.

ಮಗನ ವಿಷಯದಲ್ಲಿ ನಾನು ಬುದ್ಧಿ ಹೇಳಲಾರೆ. ಹೋದ ವರ್ಷ ನನ್ನ ಅಣ್ಣನ ಮಗನೂ ಹೀಗೆಯೇ ಹೊರಟ. ಅವನ ಕೋಣೆಯ ಮೇಜು ಇನ್ನೂ ಕಿಟಕಿಯ ಪಕ್ಕದಲ್ಲೇ ಇದೆ. ಈಗ ಅದರ ಮೇಲೆ ಅತ್ತಿಗೆ ಹಪ್ಪಳದ ಡಬ್ಬಿ ಇಡುತ್ತಾರೆ.

ದೀಪಾವಳಿಯವರೆಗಿನ ಪುಟಗಳ ನಕಲನ್ನು ನಮಗೂ ಒಂದು ಕಳಿಸಿ. ಮಳೆಯ ಮಿಲಿಮೀಟರಿನ ಜೊತೆಗೇ, ಇದ್ದದ್ದು ಇದ್ದ ಹಾಗೆ ಅಚ್ಚು ಹಾಕುತ್ತೇವೆ. ಓದುಗರಲ್ಲಿ ಬೇರೆ ಯಾರಾದರೂ ಇಂಥ ಪುಸ್ತಕ ಇಟ್ಟಿದ್ದರೆ ಅವರೂ ಕಳಿಸಲಿ. ಇಮೇಲ್ ವಿಳಾಸ ಕೊನೆಯ ಪುಟದಲ್ಲಿದೆ. ಆದರೂ ಅಂಚೆಯಲ್ಲೇ ಕಳಿಸಿ.

ನಿಮ್ಮವ,
ಸಂಪಾದಕ