ಮಡಿಕೇರಿಯ ವೃತ್ತಕ್ಕೆ ಹೆಸರಿತ್ತ ಸ್ಕ್ವಾಡ್ರನ್ ಲೀಡರ್ ದೇವಯ್ಯ ಯಾರು? ಅವರಿಗೆ ಪದಕ ಇಪ್ಪತ್ತಮೂರು ವರ್ಷ ತಡವಾಗಿ ಬಂದದ್ದೇಕೆ?

ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತದಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಎಂಬ ಹೆಸರನ್ನು ನೋಡಿ ನೀವು ಮೂರು ಸಂಗತಿಗಳನ್ನು ಕೇಳಿದ್ದೀರಿ: ಅವರು ಯಾರು, 1965ರಲ್ಲಿ ಮಡಿದವರಿಗೆ 1988ರಲ್ಲಿ ಮಹಾವೀರ ಚಕ್ರ ಬಂದದ್ದು ಹೇಗೆ, ಅವರ ಸಮಾಧಿ ಎಲ್ಲಿದೆ. ನಾನು ಸೈನ್ಯದಲ್ಲಿದ್ದವನಲ್ಲ. ಆದರೆ 1965ರ ವಾಯುಯುದ್ಧದ ಬಗ್ಗೆ ಭಾರತದವರೂ ಪಾಕಿಸ್ತಾನದವರೂ ಬರೆದದ್ದನ್ನು ಅನೇಕ ವರ್ಷಗಳಿಂದ ಓದುತ್ತ ಬಂದಿದ್ದೇನೆ, ಆ ಓದಿನಲ್ಲಿ ನನ್ನನ್ನು ಮತ್ತೆ ಮತ್ತೆ ಹಿಂದಕ್ಕೆ ಕರೆದ ಹೆಸರು ಇದೇ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ದೇವಯ್ಯನವರು ಕೊಡಗಿನವರು. ಅಜ್ಜಮಾಡ ಎಂಬುದು ಅವರ ಮನೆತನದ ಹೆಸರು, ಕೊಡವರು ಹೇಳುವಂತೆ ಅವರ ಒಕ್ಕ. ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ಭಾರತೀಯ ವಾಯುಪಡೆಯನ್ನು ಸೇರಿ ಪೈಲಟ್ ಆದರು. ಜೊತೆಯವರು ಅವರನ್ನು ಸಲುಗೆಯಿಂದ ‘ಟಬ್ಬಿ’ ಎಂದು ಕರೆಯುತ್ತಿದ್ದರು. 1965ರ ಯುದ್ಧ ಆರಂಭವಾದಾಗ ಅವರು ಹೊಸ ಪೈಲಟ್‌ಗಳಿಗೆ ವಿಮಾನ ಹಾರಿಸುವುದನ್ನು ಕಲಿಸುವ ಬೋಧಕರಾಗಿದ್ದರು, ವಯಸ್ಸು ಮೂವತ್ತೆರಡು. ಆಗ ಅವರನ್ನು ಪಂಜಾಬಿನ ಆದಂಪುರ ವಾಯುನೆಲೆಯಲ್ಲಿದ್ದ ಒಂದನೇ ಸ್ಕ್ವಾಡ್ರನ್‌ಗೆ ಕಳುಹಿಸಲಾಯಿತು. ‘ಟೈಗರ್ಸ್’ ಎಂದು ಹೆಸರಾದ ಈ ತುಕಡಿ ಭಾರತೀಯ ವಾಯುಪಡೆಯ ಮೊತ್ತಮೊದಲ ಸ್ಕ್ವಾಡ್ರನ್. ಅದು ರಚನೆಯಾದದ್ದು 1933ರಲ್ಲಿ, ಅದೂ ಕರಾಚಿಯಲ್ಲಿ. ಮೂವತ್ತೆರಡು ವರ್ಷಗಳ ನಂತರ ಅದೇ ಸ್ಕ್ವಾಡ್ರನ್ ಗಡಿಯ ಈಚೆಯಿಂದ ಪಾಕಿಸ್ತಾನದ ಮೇಲೆ ಹಾರಬೇಕಾಗಿ ಬಂದಿತೆಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ಸೆಪ್ಟೆಂಬರ್ 6ರ ಸಂಜೆ ಏನಾಯಿತೆಂಬುದನ್ನು ತಿಳಿಯದೆ ಮರುದಿನದ ಬೆಳಗನ್ನು ಅರ್ಥಮಾಡಿಕೊಳ್ಳಲಾಗದು. ಅಂದು ಭಾರತದ ಭೂಸೇನೆ ಲಾಹೋರ್ ದಿಕ್ಕಿನಲ್ಲಿ ಅಂತಾರಾಷ್ಟ್ರೀಯ ಗಡಿಯನ್ನು ದಾಟಿತ್ತು. ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ವಾಯುನೆಲೆಯ ಮೇಲೆರಗಿ, ನೆಲದ ಮೇಲೆ ನಿಂತಿದ್ದ ಹತ್ತರಷ್ಟು ವಿಮಾನಗಳನ್ನು ಸುಟ್ಟುಹಾಕಿದವು. ಅದೇ ರಾತ್ರಿ ಪಠಾಣ್‌ಕೋಟ್, ಹಲ್ವಾರಾ ಮತ್ತು ಆದಂಪುರಗಳ ಸುತ್ತ ಪಾಕಿಸ್ತಾನದ ಕಮಾಂಡೋಗಳು ಪ್ಯಾರಾಚೂಟ್‌ಗಳಲ್ಲಿ ಇಳಿದರು. ಅಂದರೆ, ಆದಂಪುರದ ಪೈಲಟ್‌ಗಳು ಬೆಳಗಿನ ದಾಳಿಗೆ ಸಿದ್ಧರಾಗುತ್ತಿದ್ದ ಹೊತ್ತಿನಲ್ಲಿ ಅವರ ನೆಲೆಯ ಸುತ್ತಲಿನ ಹೊಲಗಳಲ್ಲೇ ಶತ್ರುಸೈನಿಕರಿದ್ದರು. ಇಂಥ ರಾತ್ರಿಯನ್ನು ಕಳೆದು ಬೆಳಕು ಹರಿಯುವ ಮೊದಲೇ ಅವರು ಕಾಕ್‌ಪಿಟ್ ಏರಿದರು.

ಗುರಿ ಸರ್ಗೋಧಾ. ಪಾಕಿಸ್ತಾನದ ವಾಯುಪಡೆಗೆ ಅದಕ್ಕಿಂತ ಮುಖ್ಯವಾದ ನೆಲೆ ಇರಲಿಲ್ಲ, ಅದಕ್ಕೆ ತಕ್ಕಂತೆ ಕಾವಲೂ ಬಿಗಿಯಾಗಿತ್ತು. ಆದಂಪುರದಿಂದ ಅದು ಸುಮಾರು 300 ಕಿಲೋಮೀಟರ್ ದೂರ. ಒಂದನೇ ಸ್ಕ್ವಾಡ್ರನ್ ಬಳಿ ಇದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನ. ರಾಡಾರ್‌ಗೆ ಕಾಣದಂತೆ ನೆಲಕ್ಕೆ ಅಂಟಿಕೊಂಡಂತೆ ಹಾರುವಾಗ ಇಂಧನ ಬಹಳ ಬೇಗ ಖರ್ಚಾಗುವುದರಿಂದ, ಅಲ್ಲಿಗೆ ಹೋಗಿ ಮರಳುವುದಕ್ಕಷ್ಟೇ ಲೆಕ್ಕ ಸರಿಹೋಗುತ್ತಿತ್ತು, ದಾರಿಯಲ್ಲಿ ನಿಂತು ಕಾದಾಡುವುದಕ್ಕೆ ಇಂಧನ ಉಳಿಯುತ್ತಿರಲಿಲ್ಲ. ಸ್ಕ್ವಾಡ್ರನ್‌ನ ಮುಖ್ಯಸ್ಥರಾಗಿದ್ದ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನೇತೃತ್ವದಲ್ಲಿ ಹನ್ನೆರಡು ವಿಮಾನಗಳು ಹೊರಡಬೇಕಿತ್ತು.

ಆ ಹನ್ನೆರಡರಲ್ಲಿ ದೇವಯ್ಯನವರ ಹೆಸರಿರಲಿಲ್ಲ. ಅವರು ಸ್ಟ್ಯಾಂಡ್‌ಬೈ ಆಗಿದ್ದರು. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಆ ಜಾಗ ತುಂಬಬೇಕಿದ್ದ ಮೀಸಲು ಪೈಲಟ್ ಅವರು. ಅಂದು ಒಂದು ಜಾಗ ತೆರವಾಯಿತು, ದೇವಯ್ಯ ಹೊರಟರು. ಅವರು ಮನೆಯಲ್ಲಿ ಏನು ಹೇಳಿ ಬಂದಿದ್ದರು, ಕಾಕ್‌ಪಿಟ್‌ನಲ್ಲಿ ಕುಳಿತಾಗ ಏನನ್ನು ಯೋಚಿಸಿದರು ಎಂದು ಈಚಿನ ಬರಹಗಳಲ್ಲಿ ಬಣ್ಣಿಸುವುದನ್ನು ನೋಡಿದ್ದೇನೆ. ನನಗೆ ಅದು ಬೇಡವೆನಿಸುತ್ತದೆ. ಹೋಗಲೇಬೇಕಾಗಿ ಬಾರದಿರಬಹುದಾಗಿದ್ದವರು ಕರೆ ಬಂದ ಗಳಿಗೆಯಲ್ಲಿ ಎಂಜಿನ್ ಚಾಲೂ ಮಾಡಿ ಕುಳಿತಿದ್ದರು ಎಂಬಷ್ಟೇ ಸಾಕು.

ಇನ್ನು ಮುಂದಿನ ಘಟನೆ. ಇದರ ಬಹುಪಾಲು ವಿವರ ನಮಗೆ ಸಿಕ್ಕಿರುವುದು ಎದುರಾಳಿಯ ಕಡೆಯಿಂದ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ ಅದರಲ್ಲೇ ಇದೆ. ದಾಳಿಕೋರ ವಿಮಾನಗಳನ್ನು ತಡೆಯಲು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್ ವಿಮಾನದಲ್ಲಿ ಬಂದರು. ಅಮೆರಿಕದಿಂದ ಬಂದ ಸ್ಟಾರ್‌ಫೈಟರ್‌ಗಳು ಪಾಕಿಸ್ತಾನದ ಬಳಿ ಆಗ ಇದ್ದದ್ದು ಸುಮಾರು ಹನ್ನೆರಡು. ಶಬ್ದದ ಎರಡರಷ್ಟು ವೇಗ, ಎಂಜಿನ್ನಿನ ಶಾಖವನ್ನು ಹಿಂಬಾಲಿಸುವ ಸೈಡ್‌ವೈಂಡರ್ ಕ್ಷಿಪಣಿ, ಆರು ನಳಿಗೆಗಳ 20 ಮಿಲಿಮೀಟರ್ ಗನ್. ಮಿಸ್ಟೇರ್ ವಿಮಾನವೋ ಸಮತಲವಾಗಿ ಹಾರುವಾಗ ಶಬ್ದದ ವೇಗವನ್ನೂ ಮುಟ್ಟದು. ಅದರ ಬಳಿ ಇದ್ದದ್ದು ಎರಡು 30 ಮಿಲಿಮೀಟರ್ ಫಿರಂಗಿಗಳು. ಕಾಗದದ ಮೇಲೆ ಇದು ಹೋರಾಟವೇ ಅಲ್ಲ.

ಅಮ್ಜದ್ ಹುಸೇನ್ ಹಾರಿಸಿದ ಕ್ಷಿಪಣಿ ಗುರಿ ತಪ್ಪಿತು. ಆ ಕಾಲದ ಸೈಡ್‌ವೈಂಡರ್‌ಗಳು ನೆಲಕ್ಕೆ ಹತ್ತಿರವಾಗಿ ಹಾರುವ ವಿಮಾನದ ಶಾಖವನ್ನೂ ನೆಲದ ಶಾಖವನ್ನೂ ಬೇರ್ಪಡಿಸಲಾಗದೆ ಹೀಗೆ ಸೋಲುತ್ತಿದ್ದವು. ಬಳಿಕ ಅವರು ಗನ್ನಿನಿಂದ ಹೊಡೆದರು, ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದವು. ಇದರ ಕಥೆ ಮುಗಿಯಿತೆಂದುಕೊಂಡು ಸ್ಟಾರ್‌ಫೈಟರ್ ಬೇರೆ ಮಿಸ್ಟೇರ್‌ನ ಕಡೆಗೆ ತಿರುಗಿತು. ಆದರೆ ಪೆಟ್ಟು ತಿಂದ ಆ ವಿಮಾನ ಬಿದ್ದಿರಲಿಲ್ಲ. ದೇವಯ್ಯ ಓಡಿಹೋಗಲು ಪ್ರಯತ್ನಿಸದೆ, ಅದೇ ವಿಮಾನದಲ್ಲಿ ಸ್ಟಾರ್‌ಫೈಟರ್‌ನ ಮೇಲೆ ತಿರುಗಿಬಿದ್ದರು. ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಹೇಳಬೇಕು. ಸ್ಟಾರ್‌ಫೈಟರ್‌ನ ರೆಕ್ಕೆಗಳು ಬಹಳ ಮೋಟು, ಬಹಳ ತೆಳು; ಅದು ಬಾಣದಂತೆ ನೇರವಾಗಿ ನುಗ್ಗಬಲ್ಲದು, ಆದರೆ ವೇಗ ತಗ್ಗಿಸಿ ಕೆಳಮಟ್ಟದಲ್ಲಿ ಸುತ್ತಲು ತೊಡಗಿದರೆ ತನ್ನ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಹಾಗೆ ಸುತ್ತುವುದರಲ್ಲಿ ಮಿಸ್ಟೇರ್ ವಾಸಿ. ವರ್ಷಗಟ್ಟಲೆ ಶಿಷ್ಯರಿಗೆ ಪಾಠ ಹೇಳಿದ ಬೋಧಕನಿಗೆ ಇದು ತಿಳಿಯದ ವಿಷಯವಲ್ಲ. ದೇವಯ್ಯನವರ ಗುಂಡುಗಳಿಂದ ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯನವರು ಹಿಂದಿರುಗಲಿಲ್ಲ.

ಆದಂಪುರದಲ್ಲಿ ಇದಾವುದೂ ಯಾರಿಗೂ ತಿಳಿಯಲಿಲ್ಲ. ಅರೆಗತ್ತಲು, ನೆಲಮಟ್ಟದ ಹಾರಾಟ, ರೇಡಿಯೊದಲ್ಲಿ ಮಾತನಾಡಬಾರದೆಂಬ ಕಟ್ಟಪ್ಪಣೆ, ಹೋಗಿ ಮರಳುವುದಕ್ಕಷ್ಟೇ ಸಾಲುವ ಇಂಧನ. ಹೀಗಿರುವಾಗ ಹಿಂದೆ ಉಳಿದ ಒಂದು ವಿಮಾನ ಏನು ಮಾಡುತ್ತಿದೆಯೆಂದು ಯಾರು ತಿರುಗಿ ನೋಡಬೇಕು? ವಾಯುಪಡೆಯಲ್ಲಿ ಶತ್ರುವಿಮಾನವನ್ನು ಉರುಳಿಸಿದೆ ಎಂದು ಒಪ್ಪಿಸಬೇಕಾದರೆ ಒಂದೋ ಜೊತೆಗಾರ ಕಂಡಿರಬೇಕು, ಇಲ್ಲವೇ ಗನ್ ಕ್ಯಾಮೆರಾದ ಫಿಲ್ಮ್ ಇರಬೇಕು, ಅಥವಾ ಬಿದ್ದ ವಿಮಾನದ ಅವಶೇಷ ಕೈಗೆ ಸಿಗಬೇಕು. ಇಲ್ಲಿ ಕಂಡವರಿಲ್ಲ, ಫಿಲ್ಮ್ ವಿಮಾನದೊಂದಿಗೇ ನಾಶವಾಯಿತು, ಎರಡೂ ವಿಮಾನಗಳ ಅವಶೇಷಗಳು ಬಿದ್ದದ್ದು ಪಾಕಿಸ್ತಾನದ ನೆಲದಲ್ಲಿ. ಹೀಗಾಗಿ ದಾಖಲೆಯಲ್ಲಿ ಉಳಿದದ್ದು ‘ಕಾಣೆಯಾಗಿದ್ದಾರೆ’ ಎಂಬ ಒಂದೇ ಮಾತು. ಇದನ್ನು ನಿರ್ಲಕ್ಷ್ಯವೆಂದು ಹಲವರು ದೂರುತ್ತಾರೆ. ಮೊದಲ ಕೆಲವು ವರ್ಷಗಳ ಮಟ್ಟಿಗೆ ನಾನು ಆ ಮಾತನ್ನು ಒಪ್ಪುವುದಿಲ್ಲ. ತಿಳಿಯದ ಸಂಗತಿಗೆ ಪದಕ ಕೊಡಲು ಯಾರಿಂದಲೂ ಆಗದು.

ಇದನ್ನು 1971ರ ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರೊಂದಿಗೆ ಹೋಲಿಸಿ ನೋಡಿ. ಅವರು ಡಿಸೆಂಬರ್ 14ರಂದು ನ್ಯಾಟ್ ವಿಮಾನದಲ್ಲಿ ಆರು ಸೇಬರ್‌ಗಳನ್ನು ಎದುರಿಸಿದ್ದು ತಮ್ಮದೇ ಶ್ರೀನಗರ ವಾಯುನೆಲೆಯ ಮೇಲೆ, ತಮ್ಮವರ ಕಣ್ಣೆದುರಿನಲ್ಲಿ. ವಾಯುಪಡೆಗೆ ಸಂದ ಏಕೈಕ ಪರಮವೀರ ಚಕ್ರ ಅವರದು. ಇನ್ನೂ ಹತ್ತಿರದ ಉದಾಹರಣೆ ಕೊಡಗಿನದೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ. ಸಿ. ಕಾರ್ಯಪ್ಪ ಇದೇ 1965ರ ಯುದ್ಧದ ಕೊನೆಯ ದಿನಗಳಲ್ಲಿ ಹಂಟರ್ ವಿಮಾನ ಉರುಳಿ ಸೆರೆಸಿಕ್ಕರು. ಮಗನನ್ನು ಬಿಡಿಸುತ್ತೇನೆಂದು ಪಾಕಿಸ್ತಾನದ ಅಂದಿನ ಅಧ್ಯಕ್ಷ ಅಯೂಬ್ ಖಾನ್ ಹೇಳಿಕಳುಹಿಸಿದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರೂ ತನ್ನ ಮಕ್ಕಳೇ ಎಂದು ತಂದೆ ಅದನ್ನು ನಿರಾಕರಿಸಿದ ಸಂಗತಿ ನಾಡಿಗೆಲ್ಲ ಗೊತ್ತು. ಒಂದೇ ಪುಟ್ಟ ಜಿಲ್ಲೆ, ಒಂದೇ ಯುದ್ಧ, ಎರಡು ವಾರಗಳ ಅಂತರ; ಒಬ್ಬರ ಕಥೆ ಶಾಲೆಯ ಮಕ್ಕಳ ಬಾಯಲ್ಲಿ, ಇನ್ನೊಬ್ಬರ ಕಥೆ ಎಷ್ಟೋ ವರ್ಷ ಅವರ ಮನೆಯವರಿಗೂ ತಿಳಿಯಲಿಲ್ಲ.

ಪಾಕಿಸ್ತಾನದಲ್ಲಿ ಮೊದಲು, ಸ್ಟಾರ್‌ಫೈಟರ್ ತಾನೇ ಉರುಳಿಸಿದ ಮಿಸ್ಟೇರ್‌ನ ಚೂರುಗಳಿಗೆ ಬಡಿದು ಬಿದ್ದಿತೆಂಬ ವಿವರಣೆ ಇತ್ತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕ ಹೊರಬಂದಿತು. ಪಾಕಿಸ್ತಾನದ ವಾಯುಪಡೆಯ ನೆರವಿನಿಂದಲೇ ಬರೆದ, ಅವರ ಪಕ್ಷದ ಕಥೆಯನ್ನೇ ಹೇಳುವ ಪುಸ್ತಕ ಅದು. ಸರ್ಗೋಧಾದ ಬಳಿ ಒಂದು ಮಿಸ್ಟೇರ್ ಪೆಟ್ಟು ತಿಂದಮೇಲೂ ಸ್ಟಾರ್‌ಫೈಟರ್‌ನೊಂದಿಗೆ ಸೆಣಸಿ ಅದನ್ನು ಹೊಡೆದುರುಳಿಸಿತೆಂಬ ವಿವರ ಅದರಲ್ಲಿತ್ತು. ಪೈಲಟ್ ಯಾರೆಂದು ಅಲ್ಲಿ ಇರಲಿಲ್ಲ. ಭಾರತದವರು ಓದಿದಾಗ ಲೆಕ್ಕ ಹಾಕುವುದಷ್ಟೇ ಉಳಿದಿತ್ತು: ಆ ಬೆಳಿಗ್ಗೆ ಆ ದಾಳಿಯಿಂದ ಮರಳದ ಮಿಸ್ಟೇರ್ ಒಂದೇ ಒಂದು, ಅದರಲ್ಲಿ ಇದ್ದವರು ದೇವಯ್ಯ. ಅಂದು ಮುಂದಾಳಾಗಿದ್ದ ತನೇಜಾ ಅವರು ಅಷ್ಟರಲ್ಲಿ ಗ್ರೂಪ್ ಕ್ಯಾಪ್ಟನ್ ಆಗಿ ನಿವೃತ್ತರಾಗಿದ್ದರು. ತಮ್ಮ ಹಿಂದೆ ಹಾರಿದವನಿಗೆ ಸಲ್ಲಬೇಕಾದದ್ದು ಸಲ್ಲಲೆಂದು ಅವರು ವಾಯುಪಡೆಯ ಮುಂದೆ ವಿಷಯವನ್ನಿಟ್ಟರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು, ಪತ್ನಿ ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು.

ಪುಸ್ತಕ ಬಂದ ಮೇಲೂ ಒಂಬತ್ತು ವರ್ಷ ಹಿಡಿಯಿತಲ್ಲ, ಅದು ನನ್ನನ್ನು ನೋಯಿಸುತ್ತದೆ. ಮೊದಲ ಹದಿನಾಲ್ಕು ವರ್ಷಗಳ ಮೌನಕ್ಕೆ ಕಾರಣ ಕೊಟ್ಟೆ. ಈ ಒಂಬತ್ತಕ್ಕೆ ಅಂಥ ಕಾರಣ ನನಗೆ ಕಾಣುವುದಿಲ್ಲ. ಸುಂದರಿಯವರ ಕಡೆಯಿಂದ ನೋಡಿದರೆ ಇದು ಇನ್ನಷ್ಟು ಕಠಿಣ. ಯುದ್ಧದಲ್ಲಿ ಕಾಣೆಯಾದವರ ಮನೆಯಲ್ಲಿ ಸಾವಿನ ಸುದ್ದಿ ಒಂದು ದಿನದಲ್ಲಿ ಬಂದು ಮುಗಿಯುವುದಿಲ್ಲ. ಸೆರೆಯಾಳುಗಳು ಮರಳಿದಾಗ ಆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಹುಡುಕಬೇಕು, ಇಲ್ಲವೆಂದಾದಮೇಲೂ ಶವವಿಲ್ಲದೆ, ಮಣ್ಣುಕೊಡದೆ, ಹೇಗೆ ಹೋದರೆಂಬುದನ್ನು ಅರಿಯದೆ ಬದುಕಬೇಕು. ಗಂಡ ಹೇಗೆ ಹೋರಾಡಿದರೆಂಬುದನ್ನು ಆಕೆಗೆ ತಿಳಿಸಿದ್ದು ಕೊನೆಗೆ ಅವರನ್ನು ಎದುರಿಸಿದವರ ನೆನಪು. ಅಮ್ಜದ್ ಹುಸೇನರ ಬಗ್ಗೆಯೂ ಒಂದು ಮಾತು: ಅವರು 1971ರಲ್ಲಿ ಅಮೃತಸರದ ಮೇಲೆ ಮತ್ತೊಮ್ಮೆ ವಿಮಾನ ಕಳೆದುಕೊಂಡು ಭಾರತದ ಸೆರೆಯಲ್ಲಿದ್ದರು. ದೇವಯ್ಯನವರ ಕೊನೆಯ ಕ್ಷಣಗಳನ್ನು ಕಂಡಿದ್ದವರು ನಮ್ಮ ನಡುವೆಯೇ ಇದ್ದರು, ಕೇಳಬೇಕಾದ ಪ್ರಶ್ನೆ ಯಾವುದೆಂದು ಆಗ ನಮಗೆ ತಿಳಿದಿರಲಿಲ್ಲ.

2025ರಲ್ಲಿ ಈ ಘಟನೆಯಿಂದ ಪ್ರೇರಣೆ ಪಡೆದ ಹಿಂದಿ ಚಲನಚಿತ್ರವೊಂದು ಬಂದಿತು. ಅದರಲ್ಲಿ ಪಾತ್ರದ ಹೆಸರನ್ನು ಬದಲಿಸಿದ್ದಾರೆ. ನೀವು ಅದನ್ನು ನೋಡಿದ್ದರೆ ಅದರ ವಿವರಗಳನ್ನು ಇತಿಹಾಸವೆಂದು ತೆಗೆದುಕೊಳ್ಳಬೇಡಿ, ಆದರೆ ಅದರಿಂದ ಹೊಸ ತಲೆಮಾರಿನವರು ದೇವಯ್ಯನವರ ಹೆಸರನ್ನು ಹುಡುಕತೊಡಗಿದ್ದು ನನಗೆ ಸಂತೋಷದ ವಿಷಯ.

ಕೊನೆಯದಾಗಿ ಸಮಾಧಿಯ ಪ್ರಶ್ನೆ. ಪಾಕಿಸ್ತಾನದ ಪಂಜಾಬಿನಲ್ಲಿ, ವಿಮಾನ ಬಿದ್ದ ಸ್ಥಳದ ಹಳ್ಳಿಗರೇ ಅವರ ದೇಹವನ್ನು ಹೊಲದಲ್ಲಿ ಮಣ್ಣುಮಾಡಿದರೆಂಬ ವಿವರ ಎಷ್ಟೋ ಕಾಲದ ಬಳಿಕ ಆ ಕಡೆಯಿಂದಲೇ ಬಂದಿತು. ಆದ್ದರಿಂದ ನಾವು ಹೋಗಿ ಹೂವಿಡಬಹುದಾದ ಸಮಾಧಿ ಈಚೆಗೆ ಇಲ್ಲ. ಮಡಿಕೇರಿಯಲ್ಲಿ ನೀವು ನೋಡಿದ ವೃತ್ತವಿದೆ. ದೆಹಲಿಗೆ ಹೋದರೆ, 2019ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗಚಕ್ರದಲ್ಲಿ ಸ್ವಾತಂತ್ರ್ಯಾನಂತರ ಮಡಿದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಕಲ್ಲುಗಳಲ್ಲಿ ಕೆತ್ತಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಕಲ್ಲು. ಅಲ್ಲಿ 1965ರ ಸಾಲುಗಳ ಮುಂದೆ ನಿಂತು ಅವರ ಹೆಸರನ್ನು ಹುಡುಕಿ.